ಹೊಸ ಕೀಲು ಎಷ್ಟ್ ವರ್ಷ ಬರತೈತ್ರೀ?

ವಾರಕ್ಕೆ ಒಬ್ಬರಾದರೂ ನನ್ನನ್ನು ಹೀಗೆ ಕೇಳದಿದ್ದರೆ, ಆ ವಾರ ನಾನು ರಜೆಯಲ್ಲಿದ್ದೆ ಅಂತಲೇ ಲೆಕ್ಕ. ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಸವೆದ ಮೊಣಕಾಲು, ಮುರಿದ ಚಪ್ಪೆ, ಅಂದರೆ ತೊಡೆ ಸೊಂಟಕ್ಕೆ ಕೂಡುವ ಕೀಲು, ತೆಗೆಸಿ ಹೊಸ ಕೀಲು ಹಾಕಿಸಿಕೊಂಡವರನ್ನು ಮತ್ತೆ ನಡೆಸುವುದು ನನ್ನ ಕೆಲಸ. ಕೆಲಸದ ಹೆಸರು ನಮ್ಮ ಜನರ ನಾಲಿಗೆಗೆ ಒಗ್ಗಲಿಲ್ಲವಾದ್ದರಿಂದ ಎಲ್ಲರಿಗೂ ನಾನು ‘ಕಸರತ್ತಿನ ಮೇಡಂ’.

ನಮ್ಮ ಎಲುಬಿನ ಡಾಕ್ಟರು ಆಪರೇಶನ್ನಿಗೆ ಮುಂಚೆ ಪ್ರತಿಯೊಬ್ಬರಿಗೂ ಕೂರಿಸಿ ಹೇಳುತ್ತಾರೆ. ಹೊಸ ಕೀಲು ಬಹಳ ಮಂದಿಗೆ ಜೀವ ಇರುವ ತನಕ ಬರುತ್ತದೆ. ಕೆಲವರಿಗೆ ಮಾತ್ರ ಕೀವು ತುಂಬಿ, ಸಡಿಲಾಗಿ, ಸವೆದು, ಇಲ್ಲವೇ ಬಿದ್ದು ಪೆಟ್ಟಾಗಿ ಮತ್ತೆ ಕೊಯ್ಯಬೇಕಾಗುತ್ತದೆ. ಎರಡನೇ ಸಲದ್ದು ಮೊದಲಿನದಕ್ಕಿಂತ ಕಷ್ಟ. ಎಲ್ಲರೂ ಗಂಭೀರವಾಗಿ ತಲೆಯಾಡಿಸುತ್ತಾರೆ. ಡಾಕ್ಟರು ಆಚೆ ಹೋದ ಕೂಡಲೇ ನನ್ನ ಕಡೆ ತಿರುಗಿ ಕೇಳುತ್ತಾರೆ: “ಅದೆಲ್ಲಾ ಇರ್ಲಿ ಮೇಡಂ, ಖರೇ ಹೇಳ್ರಿ, ಎಷ್ಟ್ ವರ್ಷ ಬರತೈತಿ?”

ಈ ಒಂದು ಪ್ರಶ್ನೆಯ ಹಿಂದೆ ಬಿದ್ದು ನಮ್ಮ ಜನ ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತಾರೆ ಅನ್ನುವುದಕ್ಕೆ ಇವು ಕೆಲವು ನಿದರ್ಶನ.

ಕುಷ್ಟಗಿಯ ಮೋಟರ್ ರಿಪೇರಿಯವರು

ಕುಷ್ಟಗಿಯಿಂದ ಬೋರ್‌ವೆಲ್ ಮೋಟರ್ ರಿಪೇರಿ ಮಾಡುವವರೊಬ್ಬರು ಹೆಂಡತಿಯೊಂದಿಗೆ ಬಂದಿದ್ದರು. ವಯಸ್ಸು ಅರವತ್ತರ ಸಮೀಪ, ಮೈ ಕೈ ತುಂಬಿಕೊಂಡ ಆಳು, ಎರಡೂ ಮೊಣಕಾಲು ಪೂರ್ತಿ ಸವೆದಿದ್ದವು. ಡಾಕ್ಟರು ಮೇಜಿನ ಮೇಲಿದ್ದ ಹೊಸ ಕೀಲಿನ ಮಾದರಿ ತೋರಿಸಿ ವಿವರಿಸುತ್ತಿದ್ದರು. ಇವರು ಮಾತು ಕೇಳಿಸಿಕೊಳ್ಳುವುದು ಬಿಟ್ಟು ಮಾದರಿಯನ್ನೇ ಕೈಗೆ ತೆಗೆದುಕೊಂಡರು. ಜೇಬಿನಿಂದ ಚಾಳೀಸು ತೆಗೆದು ಕಣ್ಣಿಗೆ ಹಾಕಿಕೊಂಡು, ಹೆಬ್ಬೆರಳಿನಿಂದ ಒತ್ತಿ, ಹಿಂದೆ ಮುಂದೆ ಆಡಿಸಿ ನೋಡಿದರು.

“ಮ್ಯಾಲಿಂದೂ ಕಬ್ಬಿಣ, ಕೆಳಗಿಂದೂ ಕಬ್ಬಿಣ, ನಡುವ ಪ್ಲಾಸ್ಟಿಕ್ ವಾಷರ್. ಹೌದಲ್ರಿ?”

“ಕಬ್ಬಿಣ ಅಲ್ಲ, ಬೇರೆ ಲೋಹ. ಉಳಿದದ್ದು ಸರಿ,” ಅಂದರು ಡಾಕ್ಟರು.

“ಹಂಗಾರ ಮೊದಲ ಸವೆಯೋದು ವಾಷರ್.”

ಡಾಕ್ಟರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಇಷ್ಟು ಬೇಗ ವಿಷಯಕ್ಕೆ ಬಂದವರನ್ನು ಅವರೂ ನೋಡಿರಲಿಲ್ಲ.

“ಗ್ರೀಸ್ ಎಲ್ಲಿಂದ ಹಾಕೋದ್ರಿ?”

“ಅದು ಬೇಕಾಗಿಲ್ಲ. ಒಳಗ ಮೈಯೇ ನೀರು ಬಿಡತೈತಿ.”

“ಛಲೋ ಆತು. ಸೀದಾ ಕೂಡಿಸೋದು ನಿಮ್ಮ ಕೈಯಾಗ ಐತಿ. ಇನ್ನ ಉಳಿದದ್ದು ಲೋಡು.”

ಡಾಕ್ಟರು ಅವರ ಹೊಟ್ಟೆಯ ಕಡೆ ನೋಡಿದರು. ಅವರೂ ತಮ್ಮ ಹೊಟ್ಟೆಯ ಕಡೆ ನೋಡಿಕೊಂಡರು. ಹೆಂಡತಿ ಇಬ್ಬರನ್ನೂ ನೋಡಿದರು.

“ಇಷ್ಟ್ ಲೋಡಿಗೆ ಎಷ್ಟ್ ದಿನ ಬಾಳಕಿ ಬರತೈತ್ರಿ?”

“ದಿನ ಲೆಕ್ಕ ಹಾಕಿ ಹೇಳಾಕ ಬರಂಗಿಲ್ಲ. ಭಾರ ಕಮ್ಮಿ ಆದಷ್ಟೂ ಸವೆಯೋದು ಕಮ್ಮಿ. ಮತ್ತ ಬಿಚ್ಚೋ ಪ್ರಸಂಗ ಬರೋದೂ ಕಮ್ಮಿ.”

“ಸಾಕ ಬಿಡ್ರಿ, ತಿಳೀತು,” ಅಂದರು ಅವರು. “ನಾನೂ ಗಿರಾಕಿಗೆ ಹೇಳೋದು ಇದನ್ನ. ಮೂರ್ ಎಚ್‌ಪಿ ಮೋಟರಿಗೆ ಐದರ ಕೆಲಸ ಹಚ್ಚತಾರ, ಸುಟ್ಟ ಮ್ಯಾಲ ನನ್ನ ಅಂಗಡಿ ಮುಂದ ತಂದು ಒಗೀತಾರ.”

ಆಪರೇಶನ್ ಆಗಿ ಐದು ತಿಂಗಳಿಗೆ ತೋರಿಸಲು ಬಂದಾಗ ನನಗೆ ಮೊದಲು ಗುರುತೇ ಸಿಗಲಿಲ್ಲ. ಅಂಗಿ ಮೈಮೇಲೆ ಜೋತುಬಿದ್ದಿತ್ತು. ಸಂಜೆಯ ಮಿರ್ಚಿ ಬಜ್ಜಿ ಬಿಟ್ಟಿದ್ದಾರೆ, ಮೂರು ರೊಟ್ಟಿ ಒಂದೂವರೆಗೆ ಇಳಿದಿದೆ. ಎಷ್ಟೋ ವರ್ಷದಿಂದ ಎಷ್ಟೋ ಮಂದಿಗೆ ತೂಕ ಇಳಿಸಿರಿ ಅಂತ ಹೇಳಿ ಸೋತವಳು ನಾನು. ಯಾವ ಮಂತ್ರ ಹಾಕಿದಿರಿ ಅಂತ ಹೆಂಡತಿಯನ್ನು ಕೇಳಿದೆ.

“ನಾ ಏನ್ ಹಾಕ್ಲಿ ಮೇಡಂ,” ಅಂದರು ಆಕೆ. “ಹೊಟ್ಟಿ ಇಳಸ್ರಿ ಅಂತ ಮೂವತ್ತ್ ವರ್ಷ ನಾ ಬಡಕೊಂಡೆ, ಕಿವ್ಯಾಗ ಹಾಕ್ಕೊಳ್ಳಿಲ್ಲ. ಆ ವಾಷರ್ ಬಾಯಿ ಸೈತ ತಗೀಲಿಲ್ಲ ನೋಡ್ರಿ, ಅದರ ಮಾತು ಕೇಳ್ಯಾರ.”

ಹಲ್ಲಿಗೂ ಮೊಣಕಾಲಿಗೂ ಎಷ್ಟು ದೂರ

ಯಲಬುರ್ಗಾದ ಒಬ್ಬ ಅಜ್ಜಿಗೆ ಮೊಣಕಾಲು ಬದಲಾಯಿಸಿ ಎಂಟು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಆಕೆಯ ಮಗಳು ಫೋನು ಮಾಡಿದಳು. “ಅವ್ವನ ಗಲ್ಲ ಬಾತೈತ್ರಿ ಮೇಡಂ. ದವಡಿ ಹಲ್ಲ ನೋಯಾಕತ್ತೈತಿ. ಎರಡ ದಿನ ಆತು, ಲವಂಗ ಇಟ್ಟೀವಿ. ಕಸರತ್ತ ಮಾಡ್ಲೋ ಬ್ಯಾಡೋ ಅಂತ ಕೇಳಾಕತ್ತಾಳ.”

ನನಗೆ ಕಸರತ್ತು ಮರೆತೇ ಹೋಯಿತು. ಹೊಸ ಕೀಲು ಇದ್ದವರ ಮೈಯಲ್ಲಿ ಎಲ್ಲೇ ಕೀವಾದರೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆ ಸೋಂಕು ರಕ್ತದೊಳಗೆ ಹೋಗಿ ಕೀಲಿನ ಲೋಹದ ಮೇಲೆ ಕೂತರೆ, ಅದನ್ನು ತೊಳೆಯಲು ಮತ್ತೆ ಕೊಯ್ಯಬೇಕು, ಕೆಲವು ಸಲ ಕೀಲನ್ನೇ ತೆಗೆಯಬೇಕು. ಹಲ್ಲಿನ ಸೋಂಕು ಮೊಣಕಾಲಿಗೆ ಇಳಿಯಬಹುದು, ಇವತ್ತೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಮೊಣಕಾಲಿನ ವಿಷಯ ಮೊದಲು ಹೇಳಿ ಅಂದೆ. ಅಜ್ಜಿ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಮಗಳ ಕೈಯಿಂದ ಫೋನು ಕಿತ್ತುಕೊಂಡರು.

“ಹಲ್ಲಿನಾಗಿನ ಹುಳ ಮೊಳಕಾಲಿಗೆ ಹೆಂಗ ಹೊಕ್ಕಾವ ಯವ್ವಾ?”

“ರಕ್ತದಾಗ ಹೊಕ್ಕಾವ ಅಜ್ಜಿ.”

“ಮುಟ್ಟಾಕ ಎಷ್ಟ್ ದಿನ ಬೇಕು?”

“ಹೇಳಾಕ ಬರಂಗಿಲ್ಲ. ನೀವು ಈಗ ಹೊಂಡ್ರಿ.”

“ಹಂಗಾರ ಅವು ಇನ್ನೂ ಹಾದ್ಯಾಗ ಇರಬಕು,” ಅಂದು ಫೋನು ಇಟ್ಟರು.

ಒಂದು ತಾಸಿಗೆ ಹಲ್ಲಿನ ಡಾಕ್ಟರ ಫೋನು ಬಂತು. ಆಗಷ್ಟೇ ದವಾಖಾನೆ ತೆರೆದ ಸಣ್ಣ ವಯಸ್ಸಿನ ಹುಡುಗಿ, ದನಿಯಲ್ಲಿ ಗಾಬರಿ. ನಡೆದದ್ದು ಇಷ್ಟು. ಅಜ್ಜಿ ಒಳಗೆ ಬಂದು ಕುರ್ಚಿಯಲ್ಲಿ ಕೂತಿದ್ದಾರೆ. ಎಲ್ಲಿ ನೋವು ಅಂತ ಈಕೆ ಕೇಳಿದ್ದಾಳೆ. ಅಜ್ಜಿ ಸೀರೆ ಮೇಲೆತ್ತಿ ಮೊಣಕಾಲಿನ ಹೊಲಿಗೆ ಗುರುತು ತೋರಿಸಿದ್ದಾರೆ. “ಅಜ್ಜಿ, ನಾನು ಹಲ್ಲಿನ ಡಾಕ್ಟರ್” ಅಂದರೆ, “ಗೊತ್ತೈತೆವ್ವಾ, ಬೋರ್ಡ್ ಓದಿಸಿಕೊಂಡ ಬಂದೀನಿ. ಇದನ್ನ ಮೊದಲ ನೋಡು, ಆಮ್ಯಾಲ ಬಾಯಿ ತಗೀತೀನಿ” ಅಂದಿದ್ದಾರೆ. ಮೊಣಕಾಲು ನೋಡಿ, ತಲೆಯಾಡಿಸಿ, ‘ನೋಡಿದೆ’ ಅಂತ ಹೇಳುವವರೆಗೂ ಬಾಯಿ ತೆರೆಯಲಿಲ್ಲವಂತೆ.

ಹುಡುಗಿ ಜಾಣೆ. ನಮ್ಮ ಡಾಕ್ಟರ ಜೊತೆ ಮಾತಾಡಿ, ಔಷಧ ಕೊಟ್ಟು, ಹಲ್ಲು ತೆಗೆದಳು. ಬಾವು ಇಳಿಯಿತು. ಆದರೂ ಮೊಣಕಾಲಿಗೆ ಏನಾದರೂ ತಗುಲಿದೆಯೋ ಎಂದು ನೋಡಬೇಕಿತ್ತಲ್ಲ, ಮುಂದಿನ ವಾರ ಕೊಪ್ಪಳಕ್ಕೆ ಕರೆಸಿದೆವು. ನಮ್ಮ ಡಾಕ್ಟರು ಮೊಣಕಾಲು ಮುಟ್ಟಲು ಬಗ್ಗಿದರೆ ಅಜ್ಜಿ ಅಗಲಕ್ಕೆ ಬಾಯಿ ತೆರೆದು ಕೂತರು.

“ಅಜ್ಜಿ, ನನಗ ಮೊಣಕಾಲು ತೋರಸ್ರಿ,” ಅಂದರು ಡಾಕ್ಟರು.

“ಮೊದಲ ಹುಳ ಬಿಟ್ಟ ಊರು ನೋಡ್ರಿ,” ಅಂದರು ಅಜ್ಜಿ, “ಆಮ್ಯಾಲ ಮುಟ್ಟೋ ಊರು ನೋಡೂರಂತ.”

ಗಂಗಾವತಿಯ ನೆಗೆಣ್ಣಿಯರು

ಗಂಗಾವತಿಯ ಒಂದು ಅಕ್ಕಿ ವ್ಯಾಪಾರದ ಮನೆಯಲ್ಲಿ ಅಣ್ಣನ ಹೆಂಡತಿ, ತಮ್ಮನ ಹೆಂಡತಿ ಇಬ್ಬರೂ ಎರಡು ತಿಂಗಳ ಅಂತರದಲ್ಲಿ ಮೊಣಕಾಲು ಬದಲಾಯಿಸಿಕೊಂಡರು. ವಾರಕ್ಕೊಮ್ಮೆ ಮನೆಗೇ ಹೋಗಿ ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ ಅಂತ ಅಳೆದು ಬರುತ್ತಿದ್ದೆ. ನನ್ನ ತಪ್ಪು ಏನೆಂದರೆ ಒಬ್ಬರ ಅಳತೆ ಇನ್ನೊಬ್ಬರಿಗೆ ಕೇಳುವ ಹಾಗೆ ಹೇಳಿದ್ದು.

“ಆಕಿಂದು ತೊಂಬತ್ತೈದೇನು?” ಅಂದರು ಹಿರಿಯಾಕೆ. “ನಂದು ಮತ್ತೊಮ್ಮೆ ಅಳೀರಿ.”

ಮುಂದಿನ ವಾರ ಹಿರಿಯಾಕೆಯದು ನೂರು. ಅದರ ಮುಂದಿನ ವಾರ ಕಿರಿಯಾಕೆಯದು ನೂರಾ ಐದು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಯಾರೂ ಹೀಗೆ ಕಸರತ್ತು ಮಾಡಿದ್ದಿಲ್ಲ. ನಾನು ಒಳಗೊಳಗೇ ಹಿಗ್ಗಿದೆ.

ಒಂದು ದಿನ ಕಿರಿಯಾಕೆ, ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಅಕ್ಕಿ ಹಸನು ಮಾಡಿ ತೋರಿಸುತ್ತೇನೆ ಅಂತ ಹೊರಟರು. ಅರ್ಧ ಬಗ್ಗಿದಾಗ ತೋಲ ತಪ್ಪಿ ಉರುಳಿದರು. ಪುಣ್ಯಕ್ಕೆ ಪಕ್ಕದಲ್ಲಿ ಅಕ್ಕಿ ಚೀಲ ಇತ್ತು, ಅದರ ಮೇಲೆ ಬಿದ್ದರು. ಆದರೂ ಕೀಲಿನ ಸುತ್ತಲಿನ ಎಲುಬು ಸೀಳಿದ್ದರೆ ಮತ್ತೆ ದೊಡ್ಡ ಆಪರೇಶನ್. ಕಾರಿನಲ್ಲಿ ಮಲಗಿಸಿ ಕೊಪ್ಪಳಕ್ಕೆ ಕರೆತಂದರು. ಕಿರಿಯಾಕೆ ಎಕ್ಸ್‌ರೇ ಕೋಣೆಯೊಳಗೆ ಇದ್ದಷ್ಟು ಹೊತ್ತು ಹಿರಿಯಾಕೆ ಹೊರಗೆ ನನ್ನ ಕೈ ಹಿಡಿದು ಅತ್ತರು. “ನನ್ನ ಹಟದಿಂದ ಆತ್ರಿ ಮೇಡಂ. ಮೂವತ್ತೆರಡ ವರ್ಷ ಒಂದ ಒಲಿಮುಂದ ಕುಂತೀವಿ. ಆಕಿಗೆ ಮತ್ತ ಕೊಯ್ಯೋದಾದ್ರ ನನ್ನ ಕಾಲೂ ಕೊಯ್ರಿ.”

ಡಾಕ್ಟರು ಚಿತ್ರ ನೋಡಿ ಏನೂ ಆಗಿಲ್ಲ, ಎಲ್ಲ ಸರಿ ಇದೆ ಅಂದರು. ಹಿರಿಯಾಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಎದ್ದು ಹೋಗಿ ಆ ಚಿತ್ರವನ್ನು ಸಮೀಪದಿಂದ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು:

“ಬೀಳೋ ಮುಂದ ಎಷ್ಟ್ ಬಗ್ಗಿತ್ತು ಅಂತ ಇದರಾಗ ಗೊತ್ತಾಕ್ಕೈತೇನ್ರಿ? ಗೊತ್ತಾದ್ರೂ ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ. ಬಿದ್ದದ್ದು ಬಗ್ಗಿದ್ದಲ್ಲ.”

ಕಿನ್ನಾಳದ ಕೆಂಪು ಕೀಲು

ಕಿನ್ನಾಳದ ಗೊಂಬೆ ಮಾಡುವವರೊಬ್ಬರಿಗೆ ಚಪ್ಪೆಯ ಕೀಲು ಬದಲಾಗಿತ್ತು. ನಲವತ್ತು ವರ್ಷ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು ಕಟ್ಟಿಗೆ ಕೆತ್ತಿದ ಮನುಷ್ಯ. ಇನ್ನು ನೆಲದ ಮೇಲೆ ಕೂಡುವಂತಿಲ್ಲ, ಬಹಳ ಬಗ್ಗಿದರೆ ಕೀಲಿನ ಗುಂಡು ಅದು ಕೂತ ಬಟ್ಟಲಿನಿಂದ ಜಾರಿ ಹೊರಗೆ ಬರುತ್ತದೆ, ಹಾಗೆ ಮತ್ತೆ ಮತ್ತೆ ಜಾರಿದರೆ ಎರಡನೇ ಆಪರೇಶನ್ನೇ ಗತಿ ಅಂತ ನಾವು ಹೇಳಿದಾಗ ಆತನ ಮುಖ ಸಣ್ಣದಾಯಿತು. ನೆಲ ಬಿಟ್ಟರೆ ಕೆಲಸ ಬಿಟ್ಟ ಹಾಗೆ ಅನ್ನುವುದು ಆತನ ಲೆಕ್ಕ. ಆದರೆ ಏನೂ ವಾದ ಮಾಡಲಿಲ್ಲ. “ಯಾವ ಕಡೆ ಜಾರತೈತಿ?” ಅಂತ ಮಾತ್ರ ಮೂರು ಸಲ ಕೇಳಿದರು.

ಎರಡು ತಿಂಗಳಾದ ಮೇಲೆ ಬಟ್ಟೆಯಲ್ಲಿ ಸುತ್ತಿದ ಒಂದು ವಸ್ತು ಹಿಡಿದು ಬಂದರು. ಬಿಚ್ಚಿದರೆ ಕಟ್ಟಿಗೆಯ ಚಪ್ಪೆಯ ಕೀಲು. ಬಟ್ಟಲು, ಗುಂಡು, ಕೆಳಗೆ ತೊಡೆಯ ಎಲುಬು. ಮೈಯೆಲ್ಲ ಕೆಂಪು ಬಣ್ಣ, ಅಂಚಿಗೆ ಬಂಗಾರದ ಬಳ್ಳಿ. ಸುಮ್ಮನೆ ನಿಂತಂತೆ ಹಿಡಿದರೆ ಗಟ್ಟಿಯಾಗಿ ಕೂತಿರುತ್ತದೆ. ಕೆಳಗೆ ಕೂತಂತೆ ಮಡಚಿದರೆ ಗುಂಡು ಟಪ್ಪಂತ ಹೊರಗೆ ಬರುತ್ತದೆ.

“ನೂರ ಸಲ ಜಾರಿಸಿ ನೋಡೀನ್ರಿ,” ಅಂದರು. “ಎಲ್ಲಿಗೆ ಬಂದ್ರ ಜಾರತೈತಿ ಅನ್ನೋದು ಕೈಗೆ ತಿಳೀತು. ಈಗ ಎತ್ತರದ ಮಣಿ ಮಾಡ್ಕೊಂಡೀನಿ, ಅದರ ಮ್ಯಾಲ ಕುಂತು ಕೆಲಸ ಸುರು ಮಾಡೀನಿ.”

ಡಾಕ್ಟರಿಗೆ ಆ ಕೀಲು ಎಷ್ಟು ಹಿಡಿಸಿತೆಂದರೆ, ಬಂದವರಿಗೆಲ್ಲ ತೋರಿಸೋಣ ಅಂತ ಹೊರಗಿನ ಹಾಲಿನಲ್ಲಿ ಗಿಡ್ಡ ಮೇಜಿನ ಮೇಲೆ ಇಡಿಸಿದರು. ನಾಲ್ಕನೇ ದಿನ ಅದಕ್ಕೆ ಕುಂಕುಮ ಬಿದ್ದಿತ್ತು. ಇಟಗಿಯಿಂದ ಬಂದ ಒಬ್ಬ ತಾಯಿ ಕೈ ಮುಗಿದು ನಿಂತಿದ್ದರು.

“ನಮ್ಮೂರಾಗ ಅಷ್ಟ್ ದೊಡ್ಡ ಗುಡಿ ಐತಿ, ಇಂಥಾ ದೇವರ ನೋಡಿದ್ದಿಲ್ಲ. ಯಾವ ದೇವರ್ರಿ ಮೇಡಂ?”

“ದೇವರಲ್ಲಮ್ಮಾ, ಚಪ್ಪಿ ಕೀಲು.”

“ನಮ್ಮನ್ನ ನಡಸೋದು ಅದ ಅಲ್ಲೇನ್ರಿ ಮತ್ತ,” ಅಂದು ಇನ್ನೊಮ್ಮೆ ಕೈ ಮುಗಿದರು.

ಅಲ್ಲಿಗೆ ಬಿಡಬಹುದಿತ್ತು. ಆದರೆ ಚಪ್ಪೆ ಬದಲಾದವರೂ ಆ ಗಿಡ್ಡ ಮೇಜಿನ ಮುಂದೆ ನೆಲಕ್ಕೆ ಬಗ್ಗಿ ನಮಸ್ಕಾರ ಮಾಡತೊಡಗಿದರು. ಬಗ್ಗಬೇಡಿ ಅಂತ ಹೇಳಲು ಇಟ್ಟ ವಸ್ತುವಿನ ಮುಂದೆಯೇ ಬಗ್ಗುತ್ತಿದ್ದಾರೆ. ಡಾಕ್ಟರು ಗಾಬರಿಯಾಗಿ ಅದನ್ನು ಗೋಡೆಯ ಎತ್ತರದ ಗೂಡಿನಲ್ಲಿ ಇಡಿಸಿದರು, ಯಾರೂ ಬಗ್ಗುವ ಪ್ರಶ್ನೆಯೇ ಬರದಿರಲಿ ಅಂತ. ಗೂಡಿಗೆ ಏರಿದ ಮೇಲೆ ಅಲ್ಪಸ್ವಲ್ಪ ಅನುಮಾನ ಇದ್ದವರಿಗೂ ಅದು ದೇವರೇ ಅಂತ ಖಾತ್ರಿಯಾಯಿತು. ಮರುದಿನದಿಂದ ಮಲ್ಲಿಗೆ ಮಾಲೆ ಬೀಳತೊಡಗಿತು.

ನಮ್ಮ ಅತ್ತೆಯ ಸಪ್ಪಳ

ಇಷ್ಟೆಲ್ಲ ಊರ ಮಂದಿಯ ಕಥೆ ಹೇಳುವ ನಾನು ನನ್ನ ಮನೆಯದನ್ನು ಮುಚ್ಚಿಡಬಾರದು.

ಎರಡು ವರ್ಷದ ಹಿಂದೆ ನಮ್ಮ ಅತ್ತೆ ಬಚ್ಚಲಲ್ಲಿ ಬಿದ್ದು ಚಪ್ಪೆ ಮುರಿದುಕೊಂಡರು. ನಮ್ಮ ಡಾಕ್ಟರೇ ಹೊಸ ಕೀಲು ಹಾಕಿದರು. ಅತ್ತೆಗೆ ಎಲೆ ಅಡಿಕೆಯ ಜೊತೆ ತಂಬಾಕು ಹಾಕುವ ಚಟ ಇತ್ತು. ತಂಬಾಕು ಬಿಡದಿದ್ದರೆ ಗಾಯ ಮಾಯುವುದು ತಡ, ಕೀಲು ಕೆಡುವ ಭಯವೂ ಹೆಚ್ಚು ಅಂತ ಡಾಕ್ಟರು ಹೇಳಿದಾಗ ಅತ್ತೆ ತಮ್ಮ ಎಲೆ ಸಂಚಿಯನ್ನೇ ಎಲ್ಲರ ಎದುರು ನನ್ನ ಕೈಗೆ ಹಾಕಿದರು. ಆಮೇಲೆ ನಾನು ಪೇಶಂಟುಗಳಿಗೆಲ್ಲ ನಮ್ಮ ಅತ್ತೆಯ ಉದಾಹರಣೆ ಕೊಡುತ್ತಾ ಬಂದೆ.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅತ್ತೆ ನಡುಮನೆಯಿಂದ ಅಡಿಗೆಮನೆಗೆ ಬರುವಾಗ ಸಪ್ಪಳ ಕೇಳಿಸಿತು. ಕಟಕ್. ಇನ್ನೊಂದು ಹೆಜ್ಜೆ, ಕಟಕ್. ಕೂತರೆ ಇಲ್ಲ, ನಿಂತರೆ ಇಲ್ಲ, ನಡೆದರೆ ಮಾತ್ರ. ಹೊಸ ಕೀಲು ಸಪ್ಪಳ ಮಾಡಿದರೆ ಏನೇನು ಆಗಿರಬಹುದು ಅನ್ನುವುದನ್ನೆಲ್ಲ ಓದಿದವಳು ನಾನು. ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು.

“ಅತ್ತಿ, ಚಪ್ಪಿ ನೋಯತೈತೇನು?”

“ಇಲ್ಲಬೇ.”

“ಸಪ್ಪಳ ಕೇಳಸ್ತೈತಿ.”

“ನೀ ದಿನಾ ಮಂದಿ ಕೀಲು ನೋಡಿ ನೋಡಿ ಕಿವಿ ಕೆಟ್ಟಾವು,” ಅಂದು ಕಟಕ್ ಕಟಕ್ ಅಂತ ನಡೆದು ಹೋದರು.

ಮೂರು ದಿನ ಹಿಂದೆ ಹಿಂದೆ ತಿರುಗಿ ಕೇಳಿದೆ. ನನ್ನ ಗಂಡನಿಗೂ ಕೇಳಿಸಿತು, ಅವರ ಮುಖವೂ ಇಳಿಯಿತು. ಎಪ್ಪತ್ತೆರಡರ ಹೆಂಗಸನ್ನು ಮತ್ತೆ ಆ ಟೇಬಲ್ಲಿನ ಮೇಲೆ ಮಲಗಿಸುವುದೆಂದರೆ ಹುಡುಗಾಟವಲ್ಲ. ನಾಲ್ಕನೇ ದಿನ ಅತ್ತೆಯನ್ನು ಒತ್ತಾಯ ಮಾಡಿ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ತಮ್ಮ ಕೋಣೆಯಲ್ಲೇ ಆ ಗೋಡೆಯಿಂದ ಈ ಗೋಡೆಗೆ ನಡೆಸಿ ನೋಡಿದರು. ಅವರಿಗೂ ಕೇಳಿಸಿತು. ಕೂಡಲೇ ಎಕ್ಸ್‌ರೇ ಬರೆದರು.

ಮೈಮೇಲೆ ಲೋಹದ್ದು ಏನಿದ್ದರೂ ತೆಗೆಯಿರಿ ಅಂದರು ಎಕ್ಸ್‌ರೇ ತೆಗೆಯುವವರು. ಅತ್ತೆ ಬಳೆ, ಬೆಂಡೋಲೆ, ಮೂಗುಬಟ್ಟು ಒಂದೊಂದಾಗಿ ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟು ಒಳಗೆ ಹೋದರು.

ಚಿತ್ರ ಕಂಪ್ಯೂಟರಿನ ಮೇಲೆ ಬಂತು. ಬಿಳಿ ಗುಂಡು, ಬಿಳಿ ಬಟ್ಟಲು, ಕೆಳಗೆ ಎಲುಬಿನೊಳಗೆ ಇಳಿದ ದಂಡ, ಎಲ್ಲವೂ ಕೂಡಿಸಿದಲ್ಲೇ ಕೂತಿದ್ದವು. ಆದರೆ ಪಕ್ಕದಲ್ಲಿ ಇನ್ನೊಂದು ಇತ್ತು. ಎರಡು ಹಿಡಿಕೆ, ನಡುವೆ ಒಂದು ಮೊಳೆ, ಮೇಲೆ ಚೂಪಾದ ಅಲಗು, ಅದಕ್ಕೆ ತಾಗಿ ಒಂದು ದುಂಡನೆಯ ಬಿಳಿ ಮಚ್ಚೆ.

ಡಾಕ್ಟರು ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹನ್ನೆರಡು ವರ್ಷ ಅವರ ಜೊತೆ ಕೆಲಸ ಮಾಡಿದ್ದೇನೆ, ಅಂಥ ಮುಖ ನೋಡಿದ್ದು ಅದೇ ಮೊದಲು.

“ಕತ್ತರಿ ಇದ್ದಂಗೈತ್ರಿ ಸರ್,” ಅಂದೆ ನಾನು.

“ಆವತ್ತ ನಮ್ಮ ಸಾಮಾನು ಎರಡು ಸಲ ಎಣಿಸೀವಿ,” ಅಂದರು ಅವರು, ನನಗಲ್ಲ, ತಮಗೇ. ನರ್ಸನ್ನು ಕರೆದು ಆವತ್ತಿನ ಆಪರೇಶನ್ ರಿಜಿಸ್ಟರ್ ತರಿಸಿದರು. ಒಳಗೆ ಒಯ್ದ ಸಾಮಾನು, ಹೊರಗೆ ತಂದ ಸಾಮಾನು, ಎರಡೂ ಸರಿ ಇದ್ದವು. ಆಪರೇಶನ್ ಆದ ಮರುದಿನ ತೆಗೆದ ಎಕ್ಸ್‌ರೇ ತರಿಸಿದರು. ಅದರಲ್ಲಿ ಕೀಲು ಬಿಟ್ಟರೆ ಏನೂ ಇರಲಿಲ್ಲ. ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

“ಆವತ್ತ ಇಲ್ಲ, ಇವತ್ತ ಐತಿ,” ಅಂದರು. “ನಡುವ ಒಳಗ ಹೋತು ಅಂದ್ರ, ಎಲ್ಲಿಂದ ಹೋತು?”

ಅಡ್ಡ ಮಲಗಿಸಿ ಇನ್ನೊಂದು ಚಿತ್ರ ತೆಗೆಸಿದರು. ಅದರಲ್ಲಿ ಆ ಕತ್ತರಿ ಮೈಯ ಒಳಗೆ ಇರಲಿಲ್ಲ. ಮೈಗೂ ಸೀರೆಗೂ ನಡುವೆ ಎಲ್ಲೋ ಇತ್ತು.

ನಾನು ಮೆಲ್ಲಗೆ ಅತ್ತೆಯ ಕಡೆ ತಿರುಗಿದೆ. ಅವರು ಕುರ್ಚಿಯಲ್ಲಿ ಕೂತು ಕಂಪ್ಯೂಟರನ್ನು ಆಸಕ್ತಿಯಿಂದ ನೋಡುತ್ತಿದ್ದರು.

“ಆ ಗುಂಡು ಛಲೋ ಕುಂತೈತಿ ಅಲ್ಲಬೇ?” ಅಂದರು.

“ಅತ್ತಿ, ಸೀರಿ ಒಳಗ ಏನೈತಿ?”

ಅತ್ತೆ ತಲೆ ಮೇಲೆತ್ತಿ ಫ್ಯಾನಿನ ಕಡೆ ನೋಡಿದರು. ಆಮೇಲೆ ನಿಧಾನಕ್ಕೆ ಲಂಗದ ಲಾಡಿಗೆ ಕಟ್ಟಿ ಒಳಗೆ ಇಳಿಬಿಟ್ಟ ಒಂದು ಹೊಸ ಸಂಚಿ ಹೊರಗೆ ಎಳೆದರು. ಅದರೊಳಗೆ ನಾಲ್ಕು ಎಲೆ, ಅಡಿಕೆ, ತಗಡಿನ ಸುಣ್ಣದ ಡಬ್ಬಿ, ಅಡಿಕೆ ಕತ್ತರಿಸುವ ಅಡಕೊತ್ತು. ಹೆಜ್ಜೆ ಹಾಕಿದಾಗಲೆಲ್ಲ ಅಡಕೊತ್ತು ಡಬ್ಬಿಗೆ ಬಡಿಯುತ್ತಿತ್ತು.

“ತಂಬಾಕ ಇಲ್ಲಬೇ, ದೇವರಾಣಿ,” ಅಂದರು. “ಬೇಕಾರ ಮೂಸಿ ನೋಡು. ಬರೇ ಎಲಿ ಅಡಿಕಿ. ಸಂಚಿ ಕಂಡ್ರ ಸಾಕು, ನೀ ಎರಡನೇ ಆಪರೇಶನ್ ಪುರಾಣ ಬಿಚ್ಚತಿ. ಅದಕ್ಕ ಒಳಗ ಹಾಕ್ಕೊಂಡಿದ್ದೆ.”

ನಾನು ಮೂಸಿ ನೋಡಿದೆ. ಡಾಕ್ಟರೂ ಮೂಸಿದರು. ತಂಬಾಕು ಇರಲಿಲ್ಲ, ಅತ್ತೆ ಮಾತು ಉಳಿಸಿಕೊಂಡಿದ್ದರು. ಡಾಕ್ಟರು ಆ ಅಡಕೊತ್ತನ್ನು ಕೈಗೆ ತೆಗೆದುಕೊಂಡು, ಒಮ್ಮೆ ತೆರೆದು ಮುಚ್ಚಿ, ಅಲ್ಲೇ ಕುರ್ಚಿಗೆ ಒರಗಿ ನೀರು ಕೇಳಿದರು.

“ಅಮ್ಮಾ, ಒಂದ ತಾಸು ನನ್ನ ಜೀವದಾಗ ಜೀವ ಇರಲಿಲ್ಲ. ನಮ್ಮ ಸಾಮಾನೇ ನಿಮ್ಮ ಕಡೆ ಉಳದೈತಿ ಅಂದ್ಕೊಂಡಿದ್ದೆ.”

ಅತ್ತೆಗೆ ನಿಜಕ್ಕೂ ಅವರ ಮೇಲೆ ಕನಿಕರ ಬಂತು. ಅಡಕೊತ್ತನ್ನು ಅವರ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಸಂಚಿಯಲ್ಲಿ ಇಟ್ಟುಕೊಂಡರು.

“ಅಷ್ಟ್ಯಾಕ ಹೆದರಿದ್ರಿ ಡಾಕ್ಟ್ರ? ಇದು ನಮ್ಮವ್ವ ಕೊಟ್ಟದ್ದು. ನಿಮ್ಮದ ಇದ್ದಿದ್ರ ನಾ ಆವತ್ತ ವಾಪಸ್ ಕೊಟ್ಟಿರತಿದ್ದೆ.”